ಸೊಸೆಯ ಡಿಗ್ರಿಗೆ ನನ್ನ ಹೆಸರೇ ಅಡ್ಡ

‘ಟಣ್’ ಎಂದು ಅಡುಗೆಮನೆಯ ಕಟ್ಟೆಯ ಮೇಲೆ, ನರ್ಸ್‌ಗಳು ಸೂಜಿ, ಹತ್ತಿ ಇಟ್ಟುಕೊಳ್ಳುವ ಸ್ಟೀಲಿನ ಕಿಡ್ನಿ ಟ್ರೇ ಇಟ್ಟ ಸದ್ದು. ಒಗ್ಗರಣೆ ಸೌಟಿನ ಸದ್ದೇ ಬೇರೆ, ಇದರ ಸದ್ದೇ ಬೇರೆ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಸಂಜೆ ಅದು ಕೇಳಿಸಿತೆಂದರೆ ನಾನು ಪೇಪರ್ ಮಡಿಸಿ, ಚಷ್ಮಾ ತೆಗೆದಿಟ್ಟು, ದಿವಾನದ ಮೇಲೆ ಪೇಷಂಟ್ ಆಗಿ ಮಲಗಬೇಕಿತ್ತು. ಒಬ್ಬರು ಪರೀಕ್ಷೆಗೆ ಕೂತರೆ ಮನೆಮಂದಿಯೆಲ್ಲ ಕೂತಂತೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಸೊಸೆ ಪರೀಕ್ಷೆಗೆ ಕೂತಳು, ನಾನು ಮಲಗಿದೆ. ಮೊದಲು ಈ ಕೆಲಸಕ್ಕೆ ನನ್ನ ಮಗನನ್ನು ಗೊತ್ತುಮಾಡಿದ್ದೆವು. ಆದರೆ ಅವನು ಮಲಗಿದ ಕೂಡಲೇ ಗೊರಕೆ ಹೊಡೆಯುತ್ತಿದ್ದ. ಪೇಷಂಟ್ ಕೋಆಪರೇಟಿವ್ ಇಲ್ಲ ಎಂದು ಡಿಸ್ಚಾರ್ಜ್ ಮಾಡಿ ನನ್ನನ್ನು ಅಡ್ಮಿಟ್ ಮಾಡಿಕೊಂಡರು.

ಸೊಸೆ ನೀಲಾ ಉಪ್ಪಿನಬೆಟಗೇರಿಯ ಒಕ್ಕಲು ಮನೆತನದವಳು. ಡಿಪ್ಲೊಮಾ ಮಾಡಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ವರ್ಷಾನುಗಟ್ಟಲೆ ನರ್ಸ್ ಆಗಿದ್ದಳು. ಹೊಸ ಹುಡುಗಿಯರಿಗೆ ಕೆಲಸ ಕಲಿಸುವುದೆಂದರೆ ಅವಳಿಗೆ ಬಹಳ ಖುಷಿ. ಆದರೆ ಡಿಗ್ರಿ ಇಲ್ಲದೆ ಟ್ಯೂಟರ್ ಆಗುವಂತಿಲ್ಲ. ಇವಳು ಕೈಹಿಡಿದು ಸೂಜಿ ಚುಚ್ಚಲು ಕಲಿಸಿದ ಹುಡುಗಿಯೇ ಬಿ.ಎಸ್ಸಿ. ಮುಗಿಸಿ ಟ್ಯೂಟರ್ ಆಗಿ ಬಂದು, ‘ಸಿಸ್ಟರ್, ಸ್ವಲ್ಪ ಬಾಜೂಕ ಸರೀರಿ’ ಎಂದಳಂತೆ. ಅಂದು ಮನೆಗೆ ಬಂದವಳು ರೊಟ್ಟಿ ಬಡಿಯುತ್ತ, “ನಾನೂ ಡಿಗ್ರಿ ಮಾಡತೇನ್ರಿ ಅತ್ತಿ” ಎಂದಳು. ರೊಟ್ಟಿ ಬಡಿದ ರಭಸ ನೋಡಿಯೇ ನಾನು ‘ವೆರಿ ಗುಡ್’ ಎಂದುಬಿಟ್ಟೆ. ಡಿಪ್ಲೊಮಾ ಆದವರು ಎರಡು ವರ್ಷ ಓದಿ ಪಡೆಯುವ ಡಿಗ್ರಿ ಅದು. ನಾನು ಕಾನ್ವೆಂಟ್ ಇಂಗ್ಲಿಷಿನವಳೆಂದು ಅವಳ ಸ್ಪೆಲ್ಲಿಂಗ್ ತಿದ್ದುವ ಜವಾಬ್ದಾರಿಯೂ ನನ್ನ ಪಾಲಿಗೆ ಬಂತು. ಅವಳ ಪುಸ್ತಕದ ರೋಗಗಳನ್ನೆಲ್ಲ ಓದಿ ಓದಿ ಅವುಗಳಲ್ಲಿ ಅರ್ಧ ನನಗೇ ಇವೆ ಎನ್ನಿಸತೊಡಗಿತು.

ಥಿಯರಿಯಲ್ಲಿ ಛಲೋ ಮಾಡಿದಳು. ಎಡವಿದ್ದು ಪ್ರಾಕ್ಟಿಕಲ್‌ನಲ್ಲಿ. ಯಾವ ಚಿಕಿತ್ಸೆಗೂ ಮುಂಚೆ ನರ್ಸ್ ಪೇಷಂಟನ್ನು ಹೆಸರು ಹಿಡಿದು ಮಾತಾಡಿಸಿ, ಇವರೇ ಅವರು ಎಂದು ಖಾತ್ರಿ ಮಾಡಿಕೊಳ್ಳಬೇಕು. ಇಷ್ಟು ವರ್ಷ ವಾರ್ಡಿನಲ್ಲಿ ಅಕ್ಕಾ, ಕಾಕಾ, ಅಜ್ಜಾರ ಎಂದೇ, ಮನೆಯ ದಿವಾನದ ಮೇಲಿನ ನನಗೆ ಅತ್ತಿ ಎಂದೇ ಸಾಗಿಸಿದವಳು ನಮ್ಮ ನೀಲಾ. ಅಂದು ಅವಳ ಪಾಲಿಗೆ ಬಂದ ಮುದುಕಿಯ ಹೆಸರು ಗಿರಿಜಾಬಾಯಿ. ನನ್ನ ಹೆಸರೂ ಅದೇ. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವುದುಂಟೇ? ಪರೀಕ್ಷೆ ಮಾಡಲು ದೂರದಿಂದ ಬಂದಿದ್ದ ಮೇಡಂ, “ಪೇಷಂಟ್ ಹೆಸರೇನಮ್ಮ?” ಎಂದರೆ ಇವಳು, “ಅದು ನಮ್ಮ ಅತ್ತಿ ಹೆಸರ್ರಿ” ಎಂದಳಂತೆ. “ನಿಮ್ಮ ಅತ್ತೆ ಹೆಸರು ಯಾರು ಕೇಳಿದರು? ಪೇಷಂಟ್ ಹೆಸರು ಹೇಳಿ.” “ಎರಡೂ ಒಂದ ರಿ.” “ಆ ಒಂದು ಯಾವುದು?” ಅಲ್ಲಿಗೆ ನೀಲಾಳ ಬಾಯಿ ಬಂದ್. ಖಾತ್ರಿ ಮಾಡಿಕೊಳ್ಳದೆ ಇಂಜೆಕ್ಷನ್ ಕೊಡುವ ನರ್ಸ್ ಎಂದು ಫೇಲ್ ಮಾಡಿದರು.

ನಿಜ ಹೇಳಬೇಕೆಂದರೆ, ಸುದ್ದಿ ಕೇಳಿ ನನಗೆ ದುಃಖಕ್ಕಿಂತ ಒಂದು ಗುಲಗಂಜಿಯಷ್ಟು ಹೆಮ್ಮೆಯೇ ಹೆಚ್ಚಾಯಿತು. ಅತ್ತೆಯ ಮರ್ಯಾದೆಗಾಗಿ ಫೇಲಾದ ಸೊಸೆ ಇಡೀ ಧಾರವಾಡದಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ. ಆದರೆ ಅವಳು ಟ್ರೇಯನ್ನು ಅಟ್ಟಕ್ಕೇರಿಸಿ, “ಡಿಪ್ಲೊಮಾನ ಸಾಕ್ ಬಿಡ್ರಿ, ಬಾಜೂಕ ಸರೀತೇನಿ” ಎಂದಾಗ ನನ್ನ ಹೆಮ್ಮೆ ಇಳಿಯಿತು. ಸಪ್ಲಿಮೆಂಟರಿ ಒಂದೇ ಬಾಕಿ. ಅಲ್ಲೂ ಗಿರಿಜಾಬಾಯಿಯೇ ಬಂದರೆ? ನಮ್ಮ ಕಡೆ ಗಿರಿಜೆಯರಿಗೇನು ಬರ. ಟ್ರೇ ಇಳಿಸಿಕೊಂಡು ನಾನೇ ದಿವಾನದ ಮೇಲೆ ಮಲಗಿದೆ.

“ನಮಸ್ಕಾರ್ರಿ. ನಾನು ಸಿಸ್ಟರ್ ನೀಲಾ. ನಿಮ್ಮ ಹೆಸರೇನ್ರಿ?”

“ಗಿರಿಜಾಬಾಯಿ.”

“ಛಲೋ ಆತ್ರಿ... ಅತ್ತಿ.”

“ಅತ್ತಿ ಅಲ್ಲವ್ವಾ, ಹೆಸರು ಹಿಡಿ.”

“ಆಗಂಗಿಲ್ರಿ. ಹೆಸರು ಹಿಡದ್ರ ಆಯುಷ್ಯ ಕಡಿಮಿ ಆಗತೈತಂತ ನಮ್ಮವ್ವ ಹೇಳ್ಯಾಳ್ರಿ.”

“ಎಪ್ಪತ್ತು ದಾಟೇತಿ. ಒಂದೀಟು ಕಡಿಮಿ ಆದ್ರ ನಡೀತೈತಿ.”

“ನೀವೇನೋ ನಡೀತೈತಿ ಅಂತೀರಿ, ನಾಳೆ ನಿಮ್ಮ ಮಗ ಕೇಳಿದ್ರ ಏನ್ ಹೇಳ್ಲಿ?”

ಬಿ.ಪಿ., ಶುಗರ್ ಎಲ್ಲದರಿಂದ ಆಯುಷ್ಯ ಎಷ್ಟು ಕಡಿಮೆಯಾಗುತ್ತದೆಂದು ಊರಿಗೆಲ್ಲ ಉಪದೇಶ ಮಾಡುವ ನರ್ಸ್ ಆಡುವ ಮಾತೇ ಇದು? ಪಕ್ಕದ ಮನೆಯ ಸುಮಿತ್ರಾಬಾಯಿ ಕಂಪೌಂಡಿನ ಮೇಲಿಂದ, “ಏನ್ರಿ, ಸೊಸಿ ಕಡೆಯಿಂದ ಹೆಸರು ಹಿಡಿಸ್ಕೊಳ್ಳಾಕ ಪ್ರಾಕ್ಟೀಸ್ ನಡದೈತೇನ? ನಮ್ಮ ಸೊಸಿಗೆ ಪ್ರಾಕ್ಟೀಸ್ ಬ್ಯಾಡ್ರಿ, ಹಿಂದಿಂದ ಅಕಿ ಏನೇನೋ ಹೆಸರು ಇಡ್ತಾಳ” ಎಂದರು.

ದಿವಾನದ ಮೇಲೆ ಮಲಗಿ ಸೂರು ನೋಡುತ್ತ ನನಗೆ ಬೇರೆಯೇ ಒಂದು ಯೋಚನೆ ಹತ್ತಿತು. ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರು ಉಳಿದಿದ್ದಾರೆ? ಕಾನ್ವೆಂಟಿನಲ್ಲಿ ಮದರ್ ‘ಗಿರೀಜಾ’ ಎಂದು ನಡುವಿನ ಅಕ್ಷರವನ್ನು ಎಳೆದು ಕರೆಯುತ್ತಿದ್ದರು. ತಪ್ಪು ಮಾಡಿದ್ದರೆ ಇನ್ನೂ ಉದ್ದಕ್ಕೆ ಎಳೆಯುತ್ತಿದ್ದರು. ಗೆಳತಿಯರಿಗೆ ನಾನು ‘ಗಿರಿ’. ಮದುವೆಯಾದ ಮೇಲೆ ನಮ್ಮ ಯಜಮಾನರು ಮೊದಮೊದಲು ‘ಕೇಳಿಸ್ತೇನ?’ ಎಂದರು, ಮಗ ಹುಟ್ಟಿದ ಮೇಲೆ ‘ಇವನವ್ವ’ ಎಂದರು. ಈಗ ಬ್ಯಾಂಕಿನ ಹುಡುಗಿಗೆ ಆಂಟಿ, ಕಾಯಿಪಲ್ಯೆಯವನಿಗೆ ಅಜ್ಜಿ. ಯಜಮಾನರೂ ಇಲ್ಲ, ಆ ಮದರೂ ಇಲ್ಲ, ಗೆಳತಿಯರಲ್ಲಿ ಇರುವವರಿಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲ. ಹೆಸರು ಆಧಾರ್ ಕಾರ್ಡಿನಲ್ಲಿ ಬೆಚ್ಚಗೆ ಮಲಗಿದೆ.

ಈ ಯೋಚನೆಯಲ್ಲೇ ಒಂದು ಸಂಜೆ ದಿವಾನದಿಂದ ಸರಕ್ಕನೆ ಎದ್ದು ನಿಂತೆ. ಕಣ್ಣಿಗೆ ಕತ್ತಲೆ ಬಂದು ಹಾಗೇ ಹಿಂದಕ್ಕೆ ಉರುಳಿದೆ. ಟ್ರೇ ಬಿದ್ದ ಸದ್ದು ಕೇಳಿತು. ಆಮೇಲೆ ಭುಜದ ಮೇಲೆ ಎರಡು ಗಟ್ಟಿ ಕೈ. “ಗಿರಿಜಾಬಾಯಿ, ಕಣ್ ತಗೀರಿ. ಗಿರಿಜಾಬಾಯಿ, ನನ್ನ ಧ್ವನಿ ಕೇಳಿಸ್ತೈತೇನ್ರಿ?” ಪ್ರಜ್ಞೆ ಇದೆಯೋ ಇಲ್ಲವೋ ನೋಡಲು ನರ್ಸ್‌ಗಳು ಮೊದಲು ಹೆಸರು ಕೂಗುತ್ತಾರಂತೆ. ಅದು ಅವಳಿಗೆ ಉಸಿರಿನಷ್ಟೇ ಸಹಜವಾಗಿ ಬಂದಿತ್ತು. ಪ್ರಜ್ಞೆ ನನಗೆ ಮೊದಲನೇ ಕೂಗಿಗೇ ಬಂದಿತ್ತು. ಆದರೂ ಕಣ್ಣು ತೆರೆಯಲಿಲ್ಲ. ಎಷ್ಟೋ ವರ್ಷದ ಮೇಲೆ ಕೇಳಿದ ಹೆಸರು, ಇನ್ನೊಂದು ಸಲ ಕೇಳೋಣವೆನ್ನಿಸಿತು. ಅವಳು ನಾಡಿ ಹಿಡಿದು, “ಅತ್ತಿ, ನಾಡಿ ಛಲೋ ಐತಿ, ರೆಪ್ಪಿ ಅಳ್ಳಾಡಾಕತ್ತೈತಿ, ಏಳ್ರಿ ಇನ್ನ” ಎಂದಳು. ಎದ್ದು ನೋಡಿದರೆ ಅವಳ ಕಣ್ಣಲ್ಲಿ ನೀರು. “ಹೆಸರು ಹಿಡದ್ನಲ್ರಿ” ಎಂದಳು. “ನೀ ಹಿಡದಿ, ನಾ ಬದುಕಿದೆ” ಎಂದೆ.

ಸಪ್ಲಿಮೆಂಟರಿಯಲ್ಲಿ ಅವಳಿಗೆ ಬಂದ ಪೇಷಂಟ್ ಒಬ್ಬ ಗಂಡಸು, ಗಬ್ಬೂರಿನ ಲಾರಿ ಡ್ರೈವರ್. ನಮ್ಮ ತಾಲೀಮೆಲ್ಲ ನೀರಲ್ಲಿ ಹೋಮ. ಪಾಸಾದಳು, ಟ್ಯೂಟರ್ ಆದಳು, ಅಲ್ಲಿಗೆ ನಿಲ್ಲದೆ ಎಂ.ಎಸ್ಸಿ.ಗೂ ಸೇರಿದಳು. ಕಾಲೇಜು ಬೆಳಗಾವಿಯ ಕಡೆ, ವಾಸ ಹಾಸ್ಟೆಲ್‌ನಲ್ಲಿ. ಮನೆಯಲ್ಲಿ ನಾನೂ ಮಗನೂ ಚಹಾಕ್ಕೆ ಸಕ್ಕರೆ ಯಾರು ಹಾಕಬೇಕೆಂದು ಜಗಳಾಡುತ್ತೇವೆ.

ಅವಳನ್ನು ಈಚೆಗೆ ನೋಡಿದ್ದು ಹೋದ ತಿಂಗಳು, ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ. ಅವಳನ್ನು ಬಸ್ ಹತ್ತಿಸಿ ಹೊರಟೆ, ಅವಳ ಬುತ್ತಿಯ ಗಂಟು ನನ್ನ ಕೈಯಲ್ಲೇ ಉಳಿದದ್ದು ಗೊತ್ತಾಗಲಿಲ್ಲ. “ಅತ್ತಿ, ಅತ್ತಿ” ಎಂದು ಯಾರೋ ಕೂಗಿದರು. ಬಸ್ ಸ್ಟ್ಯಾಂಡ್ ತುಂಬ ಅತ್ತೆಯರೇ. ನಾಲ್ಕಾರು ಜನ ತಿರುಗಿದರು, ನಾನು ತಿರುಗಲಿಲ್ಲ. ಆಗ ಕೇಳಿತು, ಇಡೀ ಸ್ಟ್ಯಾಂಡಿಗೆ ಕೇಳುವಂತೆ, “ಗಿರಿಜಾಬಾಯಿ”. ಇಷ್ಟು ವಯಸ್ಸಾದ ಹೆಂಗಸನ್ನು ನಡುಬೀದಿಯಲ್ಲಿ ಹೆಸರು ಹಿಡಿದು ಕೂಗುವ ಮ್ಯಾನರ್‌ಲೆಸ್ ಯಾರಿರಬಹುದೆಂದು ಹುಬ್ಬು ಗಂಟಿಕ್ಕಿ ತಿರುಗಿದೆ. ಕಿಟಕಿಯಲ್ಲಿ ನೀಲಾ ಕೈಚಾಚಿ ನಗುತ್ತಿದ್ದಳು. ನಾನು ಹುಬ್ಬು ಸಡಿಲಿಸುವಷ್ಟರಲ್ಲಿ ಬಸ್ ಹೊರಳಿತ್ತು, ಬುತ್ತಿ ನನ್ನ ಕೈಯಲ್ಲೇ ಇತ್ತು.