ಕಂಪ್ಯೂಟರಿನೊಳಗಿನ ಬಾಗಿಲು

ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದೆ. ನಗುವಂಥ ಸಂಗತಿ ಅಲ್ಲಿ ವಾರಕ್ಕೊಂದಾದರೂ ನಡೆಯುತ್ತಿತ್ತು. ಆದರೆ ನಡೆಯುವಾಗ ನಾವ್ಯಾರೂ ನಗುತ್ತಿರಲಿಲ್ಲ, ಎಲ್ಲರೂ ಗಂಭೀರವಾಗಿಯೇ ಇರುತ್ತಿದ್ದೆವು. ನಗು ಬರುತ್ತಿದ್ದದ್ದು ಸಂಜೆ ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ ಕೂತ ಮೇಲೆ. ಕೆಲವಕ್ಕೆ ನಗಲು ವರ್ಷಗಳೇ ಹಿಡಿದವು. ಎಂಬತ್ತರ ದಶಕದ ನಡುವೆ ನಮ್ಮ ಶಾಲೆಗೆ ಬಂದ ಕಂಪ್ಯೂಟರಿನ ಪ್ರಸಂಗಗಳು ಅಂಥವು.

೧. ಮೂರು ಕೀಲಿ

ಸರಕಾರ ಆಗ ಕೆಲವು ಶಾಲೆಗಳನ್ನು ಆರಿಸಿ ಕಂಪ್ಯೂಟರ್ ಕೊಡುತ್ತಿತ್ತು. ಆ ಪಟ್ಟಿಯಲ್ಲಿ ನಮ್ಮ ಶಾಲೆ ಹೇಗೆ ಸೇರಿತೋ ದೇವರಿಗೇ ಗೊತ್ತು. ಧಾರವಾಡದ ತರಬೇತಿಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ಗಂಡಸರೆಲ್ಲ ಕಿಟಕಿಯಾಚೆ ನೋಡಿದರು. ಹೆಡ್ ಮಾಸ್ತರರು ನನ್ನ ಕಡೆ ತಿರುಗಿ, "ಅಕ್ಕೋರ, ನೀವ ಹೋಗಿ ಬರ್ರಿ. ನಿಮಗ ಇಂಗ್ಲೀಷ್ ಬರ್ತೈತಿ, ಮ್ಯಾಲ ಸಾಮಾನು ಸಾವಕಾಶ ಮುಟ್ಟತೀರಿ" ಎಂದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುವುದು ರೂಢಿ.

ಪೆಟ್ಟಿಗೆ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಬಂತು. ದರ್ಜಿ ಅದಕ್ಕೆ ಕುಪ್ಪಸದ ಖಣದಲ್ಲಿ ಹೊದಿಕೆ ಹೊಲಿದುಕೊಟ್ಟ. ಕುಂಕುಮ ಹಚ್ಚಿ ಕಾಯಿ ಒಡೆದದ್ದೂ ಆಯಿತು. ಹೆಡ್ ಮಾಸ್ತರರು ಕೋಣೆಗೆ ಮೂರು ಕೀಲಿ ಜಡಿಸಿ, ಕೀಲಿಕೈಗಳನ್ನು ಶಾಲೆಯ ಜವಾನನಾದ ನಮ್ಮ ಶಿಪಾಯಿಯ ವಶಕ್ಕೆ ಕೊಟ್ಟು, ಬಾಗಿಲ ಮೇಲೆ ಒಂದು ಕಾಗದ ಅಂಟಿಸಿದರು: ಪಾದರಕ್ಷೆ ಹೊರಗೆ ಬಿಡಬೇಕು, ಮಾತನಾಡಬಾರದು, ಕಂಪ್ಯೂಟರ್ ಮುಟ್ಟಬಾರದು.

"ಮುಟ್ಟದ ಕಲಸೂದು ಹೆಂಗ್ರಿ ಸರ?" ಎಂದು ಕೇಳಿದೆ.

ಅವರು ಅಂಟಿಸಿದ ಕಾಗದವನ್ನು ಮತ್ತೊಮ್ಮೆ ಓದಿದರು. ಆಮೇಲೆ ಹೇಳಿದರು: "ಸೂರ್ಯನ ಪಾಠಾ ಕಲಸ್ತೀರಲ್ಲ, ಅವನ್ನ ಮುಟ್ಟಿ ಕಲಸ್ತೀರೇನು?"

೨. ಮಂದಿ ಮನಿ ಕಂದೀಲು

ಮೂರು ತಿಂಗಳ ಮೇಲೆ ಹೆಡ್ ಮಾಸ್ತರರ ಮನಸ್ಸು ಕರಗಿತು. ಶಾಲೆ ಬಿಟ್ಟ ನಂತರ ಒಂದು ತಾಸು, ಕರೆಂಟ್ ಇದ್ದರೆ, ಮುಟ್ಟಬಹುದು ಎಂದರು.

ತರಬೇತಿಯಲ್ಲಿ ಕೊಟ್ಟ ಡಿಸ್ಕುಗಳಲ್ಲಿ ಒಂದು ಆಟವಿತ್ತು. ಪರದೆಯ ಮೇಲೆ ಒಂದು ಹಳೇ ವಾಡೆ, ಅಂದರೆ ದೊಡ್ಡ ಮನೆ, ಅದರ ಪಡಸಾಲೆಯಲ್ಲಿ ಒಬ್ಬ ದಾರಿಹೋಕ. ನಾಲ್ಕು ಗುಂಡಿಗಳಿಂದ ಒಂದು ಬಾಣವನ್ನು ಆಚೀಚೆ ಸರಿಸಿ, ಯಾವ ವಸ್ತು ಬೇಕೋ ಅದರ ಮೇಲಿಟ್ಟು ಒತ್ತಿದರೆ ಅವನು ಅದನ್ನು ಎತ್ತಿಕೊಳ್ಳುತ್ತಿದ್ದ. ಪರದೆಯ ಕೆಳಗೆ ಒಂದು ಕೈಯ ಚಿತ್ರವಿತ್ತು. ಎತ್ತಿಕೊಂಡದ್ದು ಆ ಕೈಯಲ್ಲಿ ಕಾಣುತ್ತಿತ್ತು, ಒಂದು ಸಲಕ್ಕೆ ಒಂದೇ ವಸ್ತು. ಅದನ್ನು ಹಿಡಿದು ಬಾಗಿಲ ಮೇಲೆ ಒತ್ತಿದರೆ ಅದರಿಂದ ಬಾಗಿಲು ತೆಗೆಯಲು ನೋಡುತ್ತಿದ್ದ. ಒಳಗೆ ಹೋಗಬೇಕು, ಅದೇ ಆಟ.

ಪಡಸಾಲೆ ಕತ್ತಲು. ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಕಂದೀಲು. ಯಾರೇ ಆಡಲಿ, ಮೊದಲು ಅದನ್ನೇ ಎತ್ತಿಕೊಳ್ಳುತ್ತಿದ್ದರು. ನಾನೂ ಎತ್ತಿಕೊಂಡೆ. ಬೆನ್ನ ಹಿಂದೆ ಕೀಲಿಕೈ ಗೊಂಚಲು ಹಿಡಿದು ನಿಂತಿದ್ದ ಶಿಪಾಯಿ ಮುಂದೆ ಬಂದ. ನಲವತ್ತರ ಹತ್ತಿರದ ಮನುಷ್ಯ. ಗಂಟೆ ಬಾರಿಸುವುದು, ಕೋಣೆಗಳನ್ನು ತೆಗೆಯುವುದು, ಹಾಕುವುದು ಅವನ ಕೆಲಸ.

"ಯಾರ ಮನಿ ಕಂದೀಲ್ರಿ ಅದು?"

"ಗೊತ್ತಿಲ್ಲೋ. ಆಟದಾಗಿಂದು."

"ಮನಿಯವರನ್ನ ಕೇಳಿದ್ರೇನು?"

"ಮನಿಯವರು ಕಾಣವಲ್ರು."

"ಕಾಣಲಿಲ್ಲಂದ್ರ ಮಂದಿ ಸಾಮಾನ ಎತಗೊಂಡ ಹೋಗೂದೇನ್ರಿ ಅಕ್ಕೋರ?"

ಸಂಜೆ ಆಟ ನಿಲ್ಲಿಸುವಾಗ ಅವನು ಕಂದೀಲು ಗೂಡಿನಲ್ಲಿ ತಿರುಗಿ ಇಡಿಸಿದ. ಯಂತ್ರ ಬಂದ್ ಮಾಡಿದರೆ ಅದು ತಾನೇ ಗೂಡಿಗೆ ಹೋಗುತ್ತದೆ ಎಂದು ಎಷ್ಟೋ ತಿಳಿಹೇಳಿದೆ. "ತಾನ ಹೋಗೂದು ಬ್ಯಾರೆ, ನಾವು ಇಡೂದು ಬ್ಯಾರೆ" ಎಂದ. ಅಂದಿನಿಂದ ಕಂದೀಲು ಗೂಡು ಸೇರದ ಹೊರತು ಅವನು ಕೋಣೆಗೆ ಕೀಲಿ ಹಾಕಲೇ ಇಲ್ಲ. ಒಮ್ಮೆ ನಡುವೆ ಕರೆಂಟ್ ಹೋಯಿತು. ಕರೆಂಟ್ ಬರುವ ತನಕ ಕೂಡಿಸಿ, ಆಟ ಹೊಸದಾಗಿ ಶುರು ಮಾಡಿಸಿ, ಕಂದೀಲು ಗೂಡಿನಲ್ಲಿದೆ ಎಂದು ಕಣ್ಣಾರೆ ನೋಡಿ ಆಮೇಲೆ ನನ್ನನ್ನು ಮನೆಗೆ ಬಿಟ್ಟ.

೩. ಛಲೋ ಪೇಪರು

ನಮ್ಮ ಗಣಿತದ ಮಾಸ್ತರರು ಧಾರವಾಡದಲ್ಲಿ ಓದಿದವರು. ಬಿಳೀ ಧೋತರ, ಕರೀ ಕೋಟು, ಮೂಗಿನ ತುದಿಗೆ ಚಷ್ಮಾ. ಕಠಿಣ ಲೆಕ್ಕವೇ ಲೆಕ್ಕ, ಸರಳ ಲೆಕ್ಕ ಎಂದರೆ ಬರೇ ಹೊತ್ತು ಕಳೆಯುವುದು ಎಂಬುದು ಅವರ ಮತ. ಒಮ್ಮೆ ಒಂಬತ್ತನೇತ್ತೆಗೆ ಅವರು ತೆಗೆದ ಪೇಪರಿನಲ್ಲಿ ಇಡೀ ವರ್ಗಕ್ಕೆ ಸೊನ್ನೆ ಬಂತು. ಸ್ಟಾಫ್ ರೂಮಿಗೆ ಬಂದು ಉತ್ತರಪತ್ರಿಕೆಗಳನ್ನು ಮೇಜಿನ ಮೇಲಿಟ್ಟು, ಕೋಟಿನ ಗುಂಡಿ ಬಿಚ್ಚಿ ಕೂತು, "ಅಗದಿ ಛಲೋ ಪೇಪರ್ ಆತು ಈ ಸಲ" ಎಂದರು.

ಇದೇ ಮಾಸ್ತರರ ಕೈಯಲ್ಲಿ ನಮ್ಮ ಶಿಪಾಯಿಯ ಹಣೆಬರಹವಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅವನು ಉಳಿದದ್ದೆಲ್ಲ ಪಾಸಾಗಿದ್ದ. ಗಣಿತವೊಂದು ಆರು ಸಲ ಕಟ್ಟಿ ಆರು ಸಲವೂ ಹೋಗಿತ್ತು. ಶಾಲೆಯ ಕ್ಲಾರ್ಕ್ ಡಿಸೆಂಬರಿಗೆ ನಿವೃತ್ತರಾಗುವವರಿದ್ದರು. "ಅಷ್ಟರಾಗ ಪಾಸಾದ್ರ ಆ ಜಾಗಾ ನಿನಗ, ಇಲ್ಲಾಂದ್ರ ಹೊರಗಿನವರಿಗೆ" ಎಂದು ಆಡಳಿತ ಮಂಡಳಿಯವರು ಖಂಡತುಂಡ ಹೇಳಿಬಿಟ್ಟಿದ್ದರು. ಅಕ್ಟೋಬರದ ಪರೀಕ್ಷೆ ತಪ್ಪಿದರೆ ಜನ್ಮವಿಡೀ ಗಂಟೆ ಬಾರಿಸುವುದೇ ಸೈ.

ಮಾಸ್ತರರು ಕೆಟ್ಟವರಲ್ಲ. ದಿನಾ ಮುಂಜಾನೆ ಅವನನ್ನು ಕೂಡಿಸಿಕೊಂಡು ತಾವಾಗಿ ಕಲಿಸುತ್ತಿದ್ದರು. ಆದರೆ ಪುಸ್ತಕವನ್ನು ಹಿಂದಿನಿಂದ ತೆಗೆಯುತ್ತಿದ್ದರು, ಕಠಿಣ ಲೆಕ್ಕ ಬಂದರೆ ಸರಳದ್ದು ತಾನೇ ಬರುತ್ತದೆ ಎಂದು. ಅವನು ಬಿಡಿಸಿ ತಂದ ಪ್ರತಿ ಲೆಕ್ಕದ ಮೇಲೂ ಕೆಂಪು ಶಾಯಿಯಲ್ಲಿ ಒಂದೇ ಶಬ್ದ ಬರೆಯುತ್ತಿದ್ದರು: ತಪ್ಪು.

"ಎಲ್ಲಿ ತಪ್ಪೇತಿ ಅಂತ ಕೇಳೋ" ಎಂದು ನಾನು ಒಂದು ದಿನ ಅವನಿಗೆ ಹೇಳಿದೆ.

"ಕೇಳೇನ್ರಿ ಅಕ್ಕೋರ. ಅದನ್ನ ಹುಡುಕೂದ ಲೆಕ್ಕಾ ಅಂದ್ರು."

೪. ಆಗೂದಿಲ್ಲ

ಕಂಪ್ಯೂಟರಿನ ಆಟವನ್ನು ಹತ್ತನೇತ್ತೆಯ ಮಕ್ಕಳು ಎರಡು ದಿನ ಆಡಿದರು. ವಾಡೆಯ ಬಾಗಿಲು ತೆಗೆಯಲಿಲ್ಲ. ಮೂರನೇ ದಿನ ಎಲ್ಲರೂ ಕಬಡ್ಡಿಗೆ ಹೋದರು.

"ಆಟ ಇಷ್ಟ ಕಠಿಣ ಇರಬಾರದ್ರಿ, ಮಕ್ಕಳು ಬಿಟ್ಟ ಹೋಗ್ತಾವು" ಎಂದು ನಾನು ಸ್ಟಾಫ್ ರೂಮಿನಲ್ಲಿ ಅಂದೆ.

ಗಣಿತದ ಮಾಸ್ತರರು ಚಷ್ಮಾದ ಮೇಲಿಂದ ನೋಡಿದರು. "ಹೋಗವಲ್ರ್ಯಾಕ. ಉಳದಾವ ಕಲೀತಾನ."

"ಒಬ್ಬರೂ ಉಳದಿಲ್ಲಲ್ರಿ."

"ನಾ ಇದ್ದೀನಲ್ಲ" ಎಂದು ಎದ್ದು ನನ್ನ ಜೊತೆ ಕಂಪ್ಯೂಟರ್ ಕೋಣೆಗೆ ಬಂದರು.

ಅಂದಿನಿಂದ ಅವರಿಗೆ ಅದೇ ಧ್ಯಾಸ. ವಾಡೆಯ ನಕಾಶೆ ಬರೆದರು. ವಸ್ತುಗಳ ಪಟ್ಟಿ ಮಾಡಿದರು. ಕಂದೀಲು, ಹಾರೆ, ಹಗ್ಗ, ಎಣ್ಣೆಯ ಗಿಂಡಿ, ತುಕ್ಕು ಹಿಡಿದ ಕೀಲಿಕೈ, ಒಂದೊಂದನ್ನೇ ಹಿಡಿದು ಬಾಗಿಲಿಗೆ ಹಚ್ಚಿ ನೋಡಿದರು. ಪ್ರತಿ ಸಲವೂ ಪರದೆಯ ಮೇಲೆ ಇಂಗ್ಲೀಷಿನ ಅದೇ ಸಾಲು ಮೂಡುತ್ತಿತ್ತು, ನಾನು ಅದನ್ನೇ ಓದುತ್ತಿದ್ದೆ: ಹಾಗೆ ಮಾಡಲಾಗುವುದಿಲ್ಲ. ಅವರಿಗೆ ನನ್ನಷ್ಟೇ ಇಂಗ್ಲೀಷ್ ಬರುತ್ತಿತ್ತು. ಆದರೂ ಬೇರೆಯವರ ಬಾಯಲ್ಲಿ ಕೇಳಿದರೆ ಉತ್ತರ ಬದಲಾದೀತೆಂಬ ಆಸೆ.

ಹೊರಗೆ ಮೆಣಸಿನಕಾಯಿ ಒಣಹಾಕುವ ಕಾಲ ಇನ್ನೂ ದೂರವಿತ್ತು, ಆದರೆ ಮಾಸ್ತರರ ಮುಖ ಆಗಲೇ ಕೆಂಪಗಾಗಿತ್ತು. ಆಗಸ್ಟ್ ತಿಂಗಳ ಒಂದು ಸಂಜೆ ಎರಡೂ ಕೈಯಿಂದ ಮೇಜು ಕುಟ್ಟಿದರು.

"ಆಗೂದಿಲ್ಲ, ಆಗೂದಿಲ್ಲ! ಯಾಕ ಆಗೂದಿಲ್ಲ? ಎಲ್ಲಿ ತಪ್ಪೇದ ಅಂತ ಹೇಳಬಾರದ? ಬರೇ ಆಗೂದಿಲ್ಲ ಅಂದ್ರ ಮನಷ್ಯಾ ಏನ್ ಮಾಡಬೇಕು? ಇದನ್ನ ಮಾಡಿದಾಂವಗ ಕರುಳ ಅದನೋ ಇಲ್ಲೋ?"

ಬಾಗಿಲಲ್ಲಿದ್ದ ಶಿಪಾಯಿ ಬಗಲಲ್ಲಿದ್ದ ತನ್ನ ಲೆಕ್ಕದ ವಹಿಯನ್ನು ಎರಡೂ ಕೈಯಿಂದ ಹಿಡಿದು, ತಲೆ ತಗ್ಗಿಸಿ, ಅಗದಿ ಸಾವಕಾಶವಾಗಿ ಅಂದ:

"ನನ್ನ ವಹಿಯೊಳಗೂ ಹಂಗ ಬರೀತೀರಲ್ರಿ ಸರ."

೫. ಬರಿಗೈ

ಮಾಸ್ತರರು ಎದ್ದು ಹೋಗಲು ಕೋಟು ತೊಟ್ಟರು. ಶಿಪಾಯಿ ದಾರಿಗೆ ಅಡ್ಡ ನಿಂತ.

"ಸರ, ಕಂದೀಲು."

ಅವರ ಮುಖ ನೋಡಿ ನನಗೆ ಭಯವಾಯಿತು. ಆದರೂ ತಿರುಗಿ ಬಂದು ಕೂತು, ಬಾಣವನ್ನು ಗೂಡಿನ ತನಕ ಒಯ್ದು ಕಂದೀಲು ಇಟ್ಟರು. ಪರದೆಯ ಕೆಳಗಿನ ಕೈ ಖಾಲಿಯಾಯಿತು. ಶಿಪಾಯಿ ಅದನ್ನೇ ನೋಡುತ್ತ ನಿಂತ.

"ಸರ, ಈಗ ಕೈ ಖಾಲಿ ಐತಿ. ಹಂಗ ಬಾಗಲಾ ಬಡದ ನೋಡ್ರಿ."

"ಏನ್ ಹಿಡದ ಬಡೀಲಿ?"

"ಮಂದಿ ಮನಿ ಬಾಗಲಾ ಏನ್ ಹಿಡದ ಬಡೀತಾರ್ರಿ? ಕೈಲೆ ಬಡೀತಾರ."

ಮಾಸ್ತರರು ಬಾಣವನ್ನು ಬಾಗಿಲ ಮೇಲಿಟ್ಟು ಒತ್ತಿದರು. ಖಟ್ ಖಟ್ ಎಂದು ಸಪ್ಪಳವಾಯಿತು. ಒಳಗಿಂದ ಒಬ್ಬ ಮುದುಕಿ ಬಂದು ಬಾಗಿಲು ತೆಗೆದಳು. ಆ ಬಾಗಿಲಿಗೆ ಕೀಲಿಯೇ ಇರಲಿಲ್ಲ. ಮನೆಯಲ್ಲಿ ಜನರಿದ್ದರು, ನಾವು ಯಾರೂ ಕರೆದಿರಲಿಲ್ಲ.

ಆ ಒಗಟು ಕಠಿಣವೋ ಸರಳವೋ ಎಂದು ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ನಮಗೆ ಎರಡು ತಿಂಗಳು ಸಿಗಲಿಲ್ಲ, ದಿನಾ ಬಾಗಿಲುಗಳ ಜೊತೆ ಬಾಳುವವನಿಗೆ ಒಂದು ನಿಮಿಷ ಹಿಡಿಯಿತು. ಮಾಸ್ತರರು ಪರದೆಯ ಮೇಲಿನ ಮುದುಕಿಗೆ ಕೈ ಮುಗಿದು ಹೊರಟುಹೋದರು. ಒಳಗಿನ ಕೋಣೆಗಳನ್ನು ಅವರು ಮುಂದೆ ಎಂದೂ ನೋಡಲಿಲ್ಲ.

ಮರುದಿನ ಮುಂಜಾನೆ ಅವರು ಶಿಪಾಯಿಯ ಮುಂದೆ ಬೇರೆ ಪುಸ್ತಕ ಇಟ್ಟರು. ಅವನು ಹೊದಿಕೆ ನೋಡಿ ಮುಖ ಸಣ್ಣದು ಮಾಡಿದ. "ಸರ, ಇದು ಎಂಟನೇತ್ತೇ ಪುಸ್ತಕ ಐತ್ರಿ."

"ಗೊತ್ತದ. ಮೊದಲ ಬಾಗಲಾ ಬಡಿಯೂಣು."

ಅಂದಿನಿಂದ ಅವರ ಕೆಂಪು ಶಾಯಿ ತಪ್ಪು ಎಂದು ಬರೆಯುವುದನ್ನು ಬಿಟ್ಟಿತು. ಲೆಕ್ಕ ಎಲ್ಲಿ ದಾರಿ ಬಿಟ್ಟಿದೆಯೋ ಅಲ್ಲೊಂದು ಸಣ್ಣ ಗುಂಡಗಿನ ಗೆರೆ ಎಳೆದು ಸುಮ್ಮನಾಗುತ್ತಿದ್ದರು. ಶಿಪಾಯಿ ಆ ಗೆರೆಯ ಒಳಗಿದ್ದದ್ದನ್ನು ತಿದ್ದುತ್ತಿದ್ದ. ಮೊದಲು ಪುಟಕ್ಕೆ ಎಂಟು ಗುಂಡು, ಆಮೇಲೆ ಐದು, ಆಮೇಲೆ ಎರಡು. ಪರೀಕ್ಷೆಯ ಮುಂಚಿನ ದಿನ ಒಂದು ಪುಟ ಒಂದೂ ಗುಂಡಿಲ್ಲದೆ ಬಂತು. ಮಾಸ್ತರರು ಅದನ್ನು ಸ್ಟಾಫ್ ರೂಮಿಗೆ ತಂದು ನಮ್ಮೆಲ್ಲರಿಗೂ ತೋರಿಸಿದರು, ತಾವೇ ಬಿಡಿಸಿದವರ ಹಾಗೆ.

ಫಲಿತಾಂಶ ಬಂದ ದಿನ ಅವನು ಗಂಟೆ ಬಾರಿಸುವುದನ್ನೇ ಮರೆತ. ಎರಡನೇ ತಾಸು ಮುಗಿಯಲೇ ಇಲ್ಲ. ಗಣಿತದಲ್ಲಿ ಮೂವತ್ತಾರು, ಪಾಸಾಗಲು ಬೇಕಾದದ್ದು ಮೂವತ್ತೈದು. ನಾನು ಪ್ರಯೋಗಶಾಲೆಗೆ ಹೋಗಿ ಬಾಗಿಲು ಮುಂದೆ ಮಾಡಿ ಅತ್ತೆ. ಅವನು ಪೇಡೆಯ ಪೊಟ್ಟಣ ಹಿಡಿದು ಮಾಸ್ತರರ ಕಾಲು ಮುಟ್ಟಿದ. ಅವರು ರಟ್ಟೆ ಹಿಡಿದು ಅವನನ್ನು ಎಬ್ಬಿಸಿದರು. ಆದರೂ ಗದರಿಸಿಯೇ ಮಾತನಾಡಿದರು:

"ಮೂವತ್ತಾರೇನೋ? ಒಂದ್ ಮಾರ್ಕ್ ಹೆಚ್ಚಿಗಿ ಓದಿಯಲ್ಲ!"

೬. ಮೊದಲನೇ ಖಾನೆ

ಅವನು ಕ್ಲಾರ್ಕ್ ಆದ. ಮೂರು ವರ್ಷದ ಮೇಲೆ ಗಣಿತದ ಮಾಸ್ತರರು ನಿವೃತ್ತರಾದರು. ಪಿಂಚಣಿಯ ಅರ್ಜಿ ಎಂದರೆ ಹನ್ನೆರಡು ಪುಟ. ಸೇವೆಗೆ ಸೇರಿದ ದಿನ, ರಜೆ ಹೋದ ದಿನ, ಎಲ್ಲ ಕಳೆದು ಕೂಡಿಸಿ ವರ್ಷ, ತಿಂಗಳು, ದಿನಗಳ ಲೆಕ್ಕ ಕೊಡಬೇಕು. ಬೇರೆ ಮಾಸ್ತರರೆಲ್ಲ ಅದನ್ನು ಕ್ಲಾರ್ಕಿನ ಕೈಯಿಂದಲೇ ತುಂಬಿಸುತ್ತಿದ್ದರು. ಇವರು ಒಪ್ಪಲಿಲ್ಲ. "ಲೆಕ್ಕದ ಮಾಸ್ತರಗ ಲೆಕ್ಕಾ ಹೇಳಿಕೊಡ್ತೀಯೇನು?" ಎಂದು ಮನೆಗೆ ಒಯ್ದರು. ಎಂದಿನ ಪದ್ಧತಿಯಂತೆ ಕಟ್ಟಕಡೆಯ ಪುಟದಿಂದ, ಎಲ್ಲಕ್ಕೂ ಕಠಿಣವಾದದ್ದರಿಂದ ಶುರು ಮಾಡಿದರಂತೆ. ಹಳೇ ಚಟ.

ನಾಲ್ಕನೇ ದಿನ ತಂದುಕೊಟ್ಟು ಕುರ್ಚಿ ಎಳೆದು ಕೂತರು. ನಾನೂ ಆಫೀಸಿನಲ್ಲೇ ಇದ್ದೆ. ಕ್ಲಾರ್ಕ್ ಕಡೆಯ ಪುಟದಿಂದ ಒಂದೊಂದೇ ಪುಟ ಹಿಂದಕ್ಕೆ ತಿರುವುತ್ತ ಬಂದ. ಪ್ರತಿ ಪುಟಕ್ಕೂ ತಲೆ ಆಡಿಸಿದ. ಮಾಸ್ತರರು ಮೀಸೆಯಲ್ಲೇ ನಗುತ್ತಿದ್ದರು. ಮೊದಲನೇ ಪುಟಕ್ಕೆ ಬಂದಾಗ ಅವನ ತಲೆ ನಿಂತಿತು. ಅರ್ಜಿಯನ್ನು ಮತ್ತೊಮ್ಮೆ ನೋಡಿದ, ಮಾಸ್ತರರನ್ನು ನೋಡಿದ. ಮೇಜಿನ ಡ್ರಾವರಿನಿಂದ ಕೆಂಪು ಶಾಯಿಯ ಪೆನ್ನು ತೆಗೆದು, ಪುಟದ ಮೇಲ್ತುದಿಗೆ ಒಂದು ಸಣ್ಣ ಗುಂಡಗಿನ ಗೆರೆ ಎಳೆದು, ಕಾಗದ ಅವರ ಕಡೆ ಸರಿಸಿದ.

ಮಾಸ್ತರರು ಚಷ್ಮಾ ಏರಿಸಿ ಬಗ್ಗಿ ನೋಡಿದರು. ಗೆರೆಯ ಒಳಗೆ ಏನೂ ಇರಲಿಲ್ಲ. ಅದು ಮೊದಲನೇ ಖಾನೆ: ಅರ್ಜಿದಾರರ ಹೆಸರು.

"ಲೆಕ್ಕಾ ಎಲ್ಲಾ ಬರೋಬರಿ ಐತ್ರಿ ಸರ" ಎಂದ ಅವನು, ಬಹಳ ಮರ್ಯಾದೆಯಿಂದ. "ಯಾರ್ದಂತ ಅಷ್ಟ ಬರದ ಕೊಡ್ರಿ."

ಮಾಸ್ತರರು ಹೆಸರು ಬರೆದರು. ಪೆನ್ನಿನ ಟೊಪ್ಪಿಗೆ ಹಾಕಿದರು. ಎದ್ದು ನಿಂತು, ಎಂದೂ ಯಾರನ್ನೂ ಕೇಳದಿದ್ದದ್ದನ್ನು ಕೇಳಿದರು:

"ಎಷ್ಟ ಮಾರ್ಕ್ಸ್ ಕೊಡ್ತೀಯೋ?"

ಅವನು ಅರ್ಜಿಯನ್ನು ಕಡತದೊಳಗೆ ಇಟ್ಟು, ದಾರ ಕಟ್ಟಿ, ಎದ್ದು ನಿಂತು ಕೈ ಮುಗಿದ.

"ಮೂವತ್ತಾರ್ರಿ ಸರ."