ಜಾಲಿಕಂಟಿಯ ವಿಹಾರದಲ್ಲಿ ನಾಲ್ಕು ಮಾತು

ನಗಬಾರದ ಜಾಗದಲ್ಲೇ ನಗುವಂಥದ್ದು ನಡೆಯಬೇಕೆಂದು ನನ್ನ ಹಣೆಯಲ್ಲಿ ಬರೆದಿದೆಯೋ ಏನೋ. ಮುದ್ದೇಬಿಹಾಳದ ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದೆ. ಇಡೀ ನೌಕರಿ "ಗದ್ಲಾ ಬ್ಯಾಡ್ರೋ" ಅನ್ನುವುದರಲ್ಲೇ ಮುಗಿಯಿತು. ನಿವೃತ್ತನಾದ ಮೇಲೆ ಬಾಯಿ ತುಂಬ ಮಾತಾಡೋಣವೆಂದುಕೊಂಡರೆ, ಕೇಳಬೇಕಾದ ಹೆಂಡತಿಯೇ ತೀರಿಹೋದಳು. ಈಗ ಮನೆಯಲ್ಲಿ ನನ್ನ ಜೊತೆ ಸದ್ದು ಮಾಡುವುದು ಕುಕ್ಕರ್ ಒಂದೇ. ಮಾತಿಗೆ ಯಾರಾದರೂ ಸಿಕ್ಕಾರು ಎಂಬ ಆಸೆಗೆ, ಮೋರಟಗಿ ಕಡೆ ಹೊಸದಾಗಿ ಆಗುತ್ತಿದ್ದ ಬೌದ್ಧ ವಿಹಾರಕ್ಕೆ ಸೇವೆಗೆಂದು ಹೋದೆ. ಹೋದ ಮೇಲೆ ತಿಳಿಯಿತು, ಅಲ್ಲಿ ಮೌನವೇ ಮುಖ್ಯವಂತೆ!

ಕಾಡು

ಇಂಡಿ ಊರಿನ ಬೌದ್ಧ ಮನೆತನವೊಂದು ತನ್ನ ಬೀಳು ನೆಲವನ್ನು ದಾನ ಕೊಟ್ಟಿತ್ತು. ಮೂರು ತಗಡಿನ ಕುಟಿ, ಒಂದು ಬೇವಿನ ಮರ, ಉಳಿದದ್ದೆಲ್ಲ ಜಾಲಿಕಂಟಿ. ಅದಕ್ಕೆ 'ಅರಣ್ಯ ವಿಹಾರ' ಎಂದು ಬೋರ್ಡು. ಬೋರ್ಡು ಹಾಕಿದ ವಾರವೇ ಸಿಂದಗಿಯಿಂದ ಒಂದು ಟಂಟಂ ಆಟೋ ತುಂಬ ಜನ ಬಂದಿಳಿದರು, ಬುತ್ತಿ, ಚಾಪೆ, ಚೆಂಡು ಸಮೇತ.

"ಬಗೀಚಾ ಎಲ್ಲೈತ್ರಿ? ವಿಹಾರ ಅಂತ ಬರದೀರಿ?"

"ಇದು ಧ್ಯಾನ ಮಾಡೂ ಜಾಗಾರಿ," ಎಂದರು ಭಿಕ್ಷುಗಳು. ನಾವೆಲ್ಲ ಅವರನ್ನು ಭಂತೇಜಿ ಅನ್ನುತ್ತೇವೆ.

ಗುಂಪಿನ ಹಿರಿಯ ಕಾಲಿಗೆ ನೆಟ್ಟ ಮುಳ್ಳು ಕೀಳುತ್ತ ಸುತ್ತ ನೋಡಿದ. "ಖರೇ ಐತ್ರಿ. ಇಲ್ಲಿ ಕಣ್ಣ ಮುಚಕೊಂಡ ಕುಂದ್ರೂದ ಛಲೋ."

ಭಿಕ್ಷೆ

ಭಂತೇಜಿ ಕೈಯಾರೆ ಅಡುಗೆ ಮಾಡಿಕೊಳ್ಳುವಂತಿಲ್ಲ, ಇಂಥದ್ದೇ ಕೊಡಿ ಎಂದು ಕೇಳುವಂತೆಯೂ ಇಲ್ಲ. ಕೊಟ್ಟ ಅಡುಗೆಯನ್ನು ಮಧ್ಯಾಹ್ನದೊಳಗೆ ಉಣ್ಣಬೇಕು. ನಮ್ಮ ಕಡೆಯೋ, ಜೋಳಿಗೆಯವರು ಬಂದರೆ ಜೋಳ ನೀಡುವುದು ರೂಢಿ. ಮೊದಲ ದಿನವೇ ಒಬ್ಬ ಅಜ್ಜಿ ಅವರ ಪಾತ್ರೆಗೆ ಬೊಗಸೆ ಬೊಗಸೆ ಜೋಳ ಸುರಿದಳು. ಜೊತೆಗಿದ್ದ ನಾನೇ ಬಾಯಿ ಹಾಕಿದೆ.

"ಯವ್ವಾ, ಇವ್ರು ಬೀಸಂಗಿಲ್ಲ, ಬಡಿಯಂಗಿಲ್ಲ. ರೊಟ್ಟೀನ ನೀಡಬೇಕು."

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ರೊಟ್ಟಿ ಬಡ್ಯಾಕ ಬರೂದಿಲ್ಲಂದ್ರ ಲಗ್ನ ಆಗಬೇಕಿತ್ತಪ. ಸನ್ಯಾಸ ಯಾಕ ತಗೊಂಡಿ?"

ಆಮೇಲೆ ಒಳಗೆ ಹೋಗಿ ಬಿಸಿರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ ತಂದಳು. ನನಗೂ ಒಂದು ರೊಟ್ಟಿ ಕೊಟ್ಟು, "ನಿನಗೂ ಬರೂದಿಲ್ಲ, ಮಾರಿ ನೋಡಿದ್ರ ಗೊತ್ತಾಕ್ಕೈತಿ" ಅಂದಳು.

ಕೆಲಸದ ಮಾತು

ಮಳೆಗಾಲದಲ್ಲಿ ಗೃಹಸ್ಥರಿಗೆ ಮೊದಲ ಧ್ಯಾನ ಶಿಬಿರವಾಯಿತು. ನಾನೂ ಹೆಸರು ಕೊಟ್ಟೆ. ಶಿಬಿರ ಮುಗಿಯುವವರೆಗೆ ಪೂರ್ತಿ ಮೌನ. ಭಂತೇಜಿ ನನ್ನ ಮುಖ ನೋಡಿ ಮರುಗಿದರೇನೋ, "ಕೆಲಸಕ್ಕ ಬೇಕಾದಷ್ಟು ಮಾತಾಡ್ರಿ" ಎಂದು ಸಡಿಲು ಬಿಟ್ಟರು.

ಮುಂಜಾನೆ ಬೇವಿನ ಮರದ ಕೆಳಗೆ ಕಸ ಗುಡಿಸುವ ಕೆಲಸ ನನಗೂ ಬಸವನ ಬಾಗೇವಾಡಿಯ ಒಬ್ಬ ಮುದುಕರಿಗೂ ಬಿತ್ತು. "ಕಸಬರಿಗಿ ಎಲ್ಲೈತ್ರಿ?" ಎಂದು ಶುರುಮಾಡಿದೆ. ಅದು ಕೆಲಸದ ಮಾತೇ. ಅಲ್ಲಿಂದ, ನಮ್ಮ ಮನೆಯಲ್ಲಿ ಕಸಬರಿಗೆ ಎಲ್ಲಿರುತ್ತಿತ್ತು, ಅದನ್ನು ಅಲ್ಲಿಡುತ್ತಿದ್ದವಳು ಹೇಗಿದ್ದಳು, ದವಾಖಾನೆಯಲ್ಲಿ ಕೊನೆಗೆ ಏನಂದಳು, ಇಲ್ಲಿಯವರೆಗೆ ಹೋಯಿತು. ಯಾರ ಮುಂದೂ ಆಡದ ಮಾತು. ಅವರು ಕಸಬರಿಗೆ ನಿಲ್ಲಿಸಿ, ನನ್ನ ಮುಖವನ್ನೇ ನೋಡುತ್ತ ಗೋಣು ಹಾಕುತ್ತಿದ್ದರು. ದಿನವೂ ಹೀಗೇ. ಕಡೆಗೂ ಕೇಳುವವರೊಬ್ಬರು ಸಿಕ್ಕರಲ್ಲ ಎಂದು ನನಗೆ ಹಿಗ್ಗೋ ಹಿಗ್ಗು.

ಮೌನ ಮುಗಿದ ದಿನ ಅವರು ಚೀಲದಿಂದ ಕಿವಿಯ ಮಶಿನ್ ತೆಗೆದು ಹಾಕಿಕೊಂಡು ಬಂದರು.

"ಹಾಂ ಸರ್ರ, ಈಗ ಹೇಳ್ರಿ. ದಿನಾ ಏನೋ ಹೇಳಾಕತ್ತಿದ್ರಿ."

"ಅಂದ್ರ... ಏನೂ ಕೇಳಿಸಿಲ್ಲೇನ್ರಿ?"

"ಮೌನ ಅಂದಮ್ಯಾಗ ಮಶಿನ್ ಯಾಕಂತ ತಗದಿಟ್ಟಿದ್ದೆ."

"ಮತ್ತ ಗೋಣು ಯಾಕ ಹಾಕತಿದ್ರಿ?"

"ಹಾಕಲಿಲ್ಲಂದ್ರ ನೀವು ನಿಲ್ಲಿಸಿಬಿಡ್ತಿದ್ರಿ. ನನ್ನ ಕಡೆ ಮಾರಿ ಮಾಡಿ ಯಾರರೆ ಮಾತಾಡಿ ಭಾಳ ದಿನ ಆಗಿತ್ರಿ. ಹೂಂ, ಮೊದಲಿಂದ ಹೇಳ್ರಿ."

ಬಾಯಿ ತೆರೆದು ತುಟಿ ಆಡಿಸಿದೆ, ದನಿ ಹೊರಡಲಿಲ್ಲ.

ಅವರು ನನ್ನ ಬಾಯಿಯ ಹತ್ತಿರಕ್ಕೆ ಕಿವಿ ತಂದರು. ಆಮೇಲೆ ಕಿವಿಯಿಂದ ಮಶಿನ್ ಕಿತ್ತು, ಅಂಗೈಗೆ ತಟ್ಟಿ ತಟ್ಟಿ ನೋಡಿದರು. "ಇದರೌನ, ಕೆಟ್ಟಂಗ ಕಾಣ್ತೈತಿ!"