ಎದುರಾಳಿ ತಂಡವೊಂದನ್ನು ಮಂಜೂರು ಮಾಡುವ ಬಗ್ಗೆ

ಇಂದ:
ಕಲ್ಲಿನಾಥ ತಂದೆ ಬೀರಪ್ಪ,
ನಾಯಕ, ಹುಮನಾಬಾದ್ ಬೇಸ್‌ಬಾಲ್ ತಂಡ (ಹಾಲಿ ಚಾಂಪಿಯನ್),
ಸಾ॥ ಘಾಟಬೋರಾಳ, ತಾ॥ ಹುಮನಾಬಾದ್.

ಗೆ:
ಮಾನ್ಯ ಕಾರ್ಯದರ್ಶಿ ಅಲ್ತಾಫ್ ಸಾಹೇಬರು,
ಉಭಯ ತಾಲ್ಲೂಕು ವೃತ್ತಿಪರ ಬೇಸ್‌ಬಾಲ್ ಒಕ್ಕೂಟ,
ಬಸವಕಲ್ಯಾಣ.

ವಿಷಯ: ಹಾಲಿ ಚಾಂಪಿಯನ್ ತಂಡಕ್ಕೆ, ಸೋಲಿಸಲು ಅಥವಾ ಸೋಲಲು, ಒಂದು ಎದುರಾಳಿ ತಂಡವನ್ನು ಮಂಜೂರು ಮಾಡುವ ಕುರಿತು.

ಉಲ್ಲೇಖ: ೧) ಒಕ್ಕೂಟದ ನಿಯಮಾವಳಿ. ೨) ಚಹಾ ಅಂಗಡಿಯ ಮುಂದೆ ಮಾನ್ಯರು ನೀಡಿದ ಮೌಖಿಕ ಅಪ್ಪಣೆ. ೩) ಅರ್ಜಿದಾರನ ಹೆಂಡತಿ ಮನೆಯಲ್ಲಿ ನೀಡುತ್ತಿರುವ ಮೌಖಿಕ ಅಪ್ಪಣೆ, ದಿನಂಪ್ರತಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರನಾದ ಕಲ್ಲಿನಾಥನು ತಮ್ಮ ದಿವ್ಯ ಗಮನಕ್ಕೆ ತರಬಯಸುವುದೇನೆಂದರೆ:

೧. ೨೦೧೬ರಲ್ಲಿ ಒಕ್ಕೂಟವು ಬಸವಕಲ್ಯಾಣ, ಹುಮನಾಬಾದ್ ಎಂಬ ಎರಡು ತಂಡಗಳೊಂದಿಗೆ ಆರಂಭವಾಯಿತು. ಆಟಗಾರರಿಗೆ ಪಂದ್ಯದ ಭತ್ಯೆ ಕೊಡುವುದರಿಂದ ಇದು ವೃತ್ತಿಪರ ಲೀಗ್ ಎಂದು ಮಾನ್ಯರು ಉದ್ಘಾಟನೆಯಲ್ಲಿ ಸಾರಿದ್ದು ಸರಿಯಷ್ಟೆ. ಮುಂದಿನ ವರ್ಷ ಭಾಲ್ಕಿಯೂ ಔರಾದವೂ ಸೇರುತ್ತವೆ ಎಂದು ಅಂದಿನಿಂದ ಪ್ರತಿ ವರ್ಷವೂ ಭಾಷಣದಲ್ಲಿ ಹೇಳುತ್ತ ಬಂದಿದ್ದು, ಇದುವರೆಗೆ ಸೇರಿರುವುದಿಲ್ಲ. ಕಾರಣ, ಈ ಲೀಗಿನಲ್ಲಿ ಒಂದು ತಂಡ ಚಾಂಪಿಯನ್ ಆದರೆ ಮತ್ತೊಂದು ತಂಡ ಕಡೆಯ ಸ್ಥಾನ ಪಡೆಯತಕ್ಕದ್ದು. ಆ ಕಡೆಯ ಸ್ಥಾನವನ್ನು ಹುಮನಾಬಾದ್ ಮೊದಲ ವರ್ಷದಿಂದಲೇ ತನ್ನದಾಗಿ ಮಾಡಿಕೊಂಡಿತು.

೨. ಕಲ್ಲಿನಾಥ ಕುರಿ ಕಾಯುವ ಮನೆಯವನು. ದಾರಿ ತಪ್ಪಿದ ಕುರಿಯ ಮುಂದೆ ಕಲ್ಲೆಸೆದು ಅದನ್ನು ಹಿಂದಕ್ಕೆ ತಿರುಗಿಸುತ್ತಿದ್ದುದನ್ನು ನೋಡಿ ತಂಡದವರು ಅವನನ್ನು ಚೆಂಡೆಸೆಯುವ ಪಿಚರ್ ಮಾಡಿದರು. ಆದರೆ ಕಲ್ಲು ಕುರಿಯ ಮುಂದೆ ಬೀಳಬೇಕೇ ಹೊರತು ಕುರಿಗೆ ತಾಗಕೂಡದು ಎಂಬುದು ಆ ಕೈಗೆ ರೂಢಿಯಾಗಿತ್ತು. ಆದ್ದರಿಂದ ಅವನು ಎಸೆದ ಚೆಂಡುಗಳೆಲ್ಲ ಬ್ಯಾಟ್ ಹಿಡಿದವನ ಕಾಲ ಮುಂದೆ ನೆಲಕ್ಕೆ ಬಿದ್ದವು. ಅಂಥ ನಾಲ್ಕು ಎಸೆತಕ್ಕೆ ಒಂದು ಬೇಸ್ ಪುಕ್ಕಟೆ ಆದ್ದರಿಂದ ಎದುರಾಳಿಗಳು ಓಡುವ ಕಷ್ಟವಿಲ್ಲದೆ ನಡೆದುಕೊಂಡೇ ಬೇಸ್‌ನಿಂದ ಬೇಸ್‌ಗೆ ಹೋದರು. ಮರುವರ್ಷ ಅವನನ್ನು ಚೆಂಡೆಸೆಯುವ ಕೆಲಸದಿಂದ ತೆಗೆದು ನಾಯಕನನ್ನಾಗಿ ಮಾಡಲಾಯಿತು.

೩. ಆಗ ತಂಡದ ಅಂಗಿಯ ಮೇಲೆ ಪ್ರಾಯೋಜಕರಾದ ಟ್ರ್ಯಾಕ್ಟರ್ ಅಂಗಡಿಯವರ ಟ್ರ್ಯಾಕ್ಟರ್ ಚಿತ್ರವಿತ್ತು. ಸೋಲು ನೋಡಲಾರದೆ ಅಂಗಡಿಯವರು ಕೈಬಿಟ್ಟರು. ಅವರ ಬದಲು ಬಂದ ದಾಲ್ ಮಿಲ್ಲಿನವರು ಹೊಸ ಅಂಗಿ ಹೊಲಿಸದೆ ಟ್ರ್ಯಾಕ್ಟರಿನ ಮೇಲೆ ಬೇಳೆಯ ಚಿತ್ರ ಅಂಟಿಸಿಕೊಟ್ಟರು. ಬೆವರಿಗೆ ಬೇಳೆ ಕಿತ್ತುಬಂದು ಮತ್ತೆ ಟ್ರ್ಯಾಕ್ಟರ್ ಕಾಣಿಸಿಕೊಳ್ಳುತ್ತಿದ್ದುದರಿಂದ ಅವರೂ ಮುನಿದರು. ಬಸವಕಲ್ಯಾಣದವರು ಮಾತ್ರ ವರ್ಷ ವರ್ಷವೂ ಕಪ್ಪನ್ನು ಟೆಂಪೋದಲ್ಲಿಟ್ಟು, ತಮ್ಮೂರಿಗೆ ಹೋಗುವ ಮೊದಲು ಹುಮನಾಬಾದ್ ಬಜಾರಿನಲ್ಲಿ ಒಂದು ಸುತ್ತು ಹಾಕುತ್ತಿದ್ದರು.

೪. ಅವರ ಬಲವೆಲ್ಲ ನಾರಾಯಣಪುರದ ಮಡೆಪ್ಪ ಎಂಬ ಪಿಚರ್‌ನಲ್ಲಿತ್ತು. ೨೦೧೮ರಲ್ಲಿ ಕಲ್ಲಿನಾಥ ಅದೇ ಮಡೆಪ್ಪನ ಅಕ್ಕ ಸೋನಾಲಿಯನ್ನು ಮದುವೆಯಾದನು. ಅಕ್ಷತೆ ಬಿದ್ದ ಮೇಲೆ ಮಡೆಪ್ಪ ಅವನ ಕಿವಿಯಲ್ಲಿ, "ಮಾಮಾ, ಮನ್ಯಾಗ ನೀವು ದೊಡ್ಡವರು. ಮೈದಾನದಾಗ ನಾ ನಿಮಗ ಗುರ್ತು ಹಿಡಿಯಂಗಿಲ್ರಿ" ಎಂದನು. ಹಾಗೆಯೇ ನಡೆದುಕೊಂಡನು ಕೂಡ. ಸೋನಾಲಿಯೂ ಗಂಡನ ಬುತ್ತಿ ಕಟ್ಟಿಕೊಂಡು ಬಂದು ತಮ್ಮನ ಕಡೆಯವರೊಂದಿಗೆ ಕೂರುತ್ತಿದ್ದಳು. ಆದರೂ ಮನೆ ಚೆನ್ನಾಗಿಯೇ ಇತ್ತು. ಹಬ್ಬಕ್ಕೆ ಮಡೆಪ್ಪ ಬರುತ್ತಿದ್ದ, ಅಕ್ಕ ಮಾಡಿದ ಹೋಳಿಗೆ ತಿನ್ನುತ್ತಿದ್ದ, ಮಾಮಾ ಔಟಾದ ಬಗೆಯನ್ನು ಸೌಟು ಹಿಡಿದು ಮಾಡಿ ತೋರಿಸುತ್ತಿದ್ದ. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅರ್ಜಿದಾರನೇ.

೫. ಕರೋನಾದಿಂದ ೨೦೨೧ರಲ್ಲಿ ಪಂದ್ಯ ನಡೆಯಲಿಲ್ಲ. ಹುಮನಾಬಾದ್ ಸೋಲದೇ ಉಳಿದ ಮೊದಲ ವರ್ಷ ಅದು. ಈ ಸಾಧನೆಗೆ ಪ್ರಮಾಣಪತ್ರ ಕೋರಿ ಸಲ್ಲಿಸಿದ ಅರ್ಜಿ ತಮ್ಮ ಕಚೇರಿಯಲ್ಲಿ ಇಂದಿಗೂ ಬಾಕಿ ಇರುತ್ತದೆ.

೬. ಮರುವರ್ಷದ ಸೋಲಿನ ನಂತರ ಕಲ್ಲಿನಾಥ ಉಣ್ಣದೆ ಕುಳಿತಿದ್ದಾಗ ಸೋನಾಲಿ, "ನಾ ಒಂದ್ ಮಾತ್ ಹೇಳ್ಲೇನ್ರಿ? ಚೆಂಡು ಬರೂಮುಂದ ನೀವು ಕಣ್ಣು ಮುಚ್ತೀರಿ" ಎಂದಳು.

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ತಮ್ಮ ಗೆಲ್ಲಾಕತ್ತಿದ್ದ. ಹ್ಯಾಂಗ ಹೇಳ್ಲಿ?"

"ಈಗ್ಯಾಕ ಹೇಳಾಕತ್ತಿ?"

"ಈಗ ನೀವು ಉಣ್ಣಾಕತ್ತಿಲ್ಲ."

ಆ ಬೇಸಿಗೆಯೆಲ್ಲ ತೊಗರಿ ಕೊಯ್ದ ಹೊಲದಲ್ಲಿ ಸೋನಾಲಿ ಚೆಂಡೆಸೆದಳು, ಕಲ್ಲಿನಾಥ ಕಣ್ಣು ತೆರೆದು ನಿಲ್ಲುವುದನ್ನು ಕಲಿತನು. ಮೊದಮೊದಲು ಚೆಂಡುಗಳು ಭುಜಕ್ಕೆ, ಪಕ್ಕೆಗೆ ಬಡಿದವು. ಆಮೇಲೆ ಬ್ಯಾಟಿಗೆ ಬಡಿದವು. ಆಕೆ ತಮ್ಮನಿಗಿಂತ ಜೋರಾಗಿ ಎಸೆಯುತ್ತಾಳೆಂಬುದು ಅರ್ಜಿದಾರನ ಪಕ್ಕೆಗಳಿಗೆ ಮಾತ್ರ ತಿಳಿದ ಸಂಗತಿ.

೭. ೨೦೨೩ರ ಫೈನಲ್ ಮಾನ್ಯರ ಸಮ್ಮುಖದಲ್ಲೇ ನಡೆಯಿತು. ಕೊನೆಯ ಸರದಿಯಲ್ಲಿ ಹುಮನಾಬಾದ್ ಒಂದು ರನ್ ಹಿಂದಿತ್ತು. ಒಬ್ಬ ಆಟಗಾರ ಬೇಸ್ ಮೇಲಿದ್ದ. ಮಡೆಪ್ಪ ಎಸೆದ ಚೆಂಡು ಬರುವುದನ್ನು ಕಲ್ಲಿನಾಥ ಕೊನೆಯವರೆಗೂ ನೋಡಿದನು, ಬೀಸಿದನು. ಚೆಂಡು ಮೈದಾನ ದಾಟಿ ಪಕ್ಕದ ಕಬ್ಬಿನ ಹೊಲಕ್ಕೆ ಬಿತ್ತು. ಎರಡು ರನ್ ಬಂದವು, ಹುಮನಾಬಾದ್ ಮೊದಲ ಸಲ ಗೆದ್ದಿತು. ಜನ ಅವನನ್ನು ಹೊತ್ತು ಕುಣಿಯುತ್ತಿದ್ದರೆ, ಮಡೆಪ್ಪ ಒಬ್ಬನೇ ಚೆಂಡು ಹುಡುಕಲು ಕಬ್ಬಿನೊಳಗೆ ಹೋದನು. ಹೆಗಲ ಮೇಲಿನಿಂದ ಕಲ್ಲಿನಾಥನಿಗೆ ಅಲ್ಲಾಡುವ ಗರಿಗಳಷ್ಟೇ ಕಂಡವು. ಬಹುಮಾನ ಹಂಚಿ ಮುಗಿದರೂ ಅವನು ಹೊರಗೆ ಬರಲಿಲ್ಲ. ಮರುದಿನ ಚೆಂಡನ್ನು ತಮ್ಮ ಕಚೇರಿಗೆ ಒಪ್ಪಿಸಿ, ಇನ್ನು ಆಡುವುದಿಲ್ಲ ಎಂದು ಹೇಳಿ ಹೋದನು.

೮. ಮಡೆಪ್ಪ ಬಿಟ್ಟಿದ್ದೇ ತಡ, ಬಸವಕಲ್ಯಾಣ ತಂಡ ಚದುರಿತು. ಕೆಲವರು ಕ್ರಿಕೆಟ್ಟಿಗೆ ಹೋದರು, ಒಬ್ಬ ವಾಲಿಬಾಲ್ ಸೇರಿದ. ೨೦೨೪ರಲ್ಲಿ ಎದುರಾಳಿ ಬರಲಿಲ್ಲ. ನಿಯಮದಂತೆ ಹುಮನಾಬಾದ್ ತಂಡ ಅಂಗಿ ತೊಟ್ಟು ಮೈದಾನದಲ್ಲಿ ನಿಂತಿತು. ಅಂಪೈರ್ ಆಟ ಆರಂಭವೆಂದು ಕೂಗಿದರು. ಏನೂ ಆರಂಭವಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕಪ್ ಕೊಟ್ಟರು. ಗೆದ್ದಾಗ ಮಾಡುವುದು ಅದೇ ಆದ್ದರಿಂದ ಆಟಗಾರರು ನಾಯಕನನ್ನು ಹೆಗಲ ಮೇಲೆ ಎತ್ತಿದರು, ಮುಂದೇನು ಮಾಡಬೇಕೆಂದು ತಿಳಿಯದೆ ಇಳಿಸಿದರು. ೨೦೨೫ರಲ್ಲೂ ಇದೇ ಪುನರಾವರ್ತನೆಯಾಯಿತು. ಆ ಸಲ ನೋಡಲು ಬಂದಿದ್ದವನು ಶೇಂಗಾ ಮಾರುವವನು ಮಾತ್ರ. ಅವನೂ ಅರ್ಧಕ್ಕೆ ಎದ್ದು ಹೋದನು.

೯. ಇತ್ತ ಮಡೆಪ್ಪ ಘಾಟಬೋರಾಳಕ್ಕೆ ಬರುವುದನ್ನೇ ಬಿಟ್ಟನು. ಪಂಚಮಿಗೆ ಅಕ್ಕನನ್ನು ಕರೆಯಲು ತಾನು ಬರದೆ ಜೀಪು ಕಳಿಸಿದನು. ಸೋನಾಲಿ ಜೀಪನ್ನು ಬರಿದೇ ವಾಪಸ್ ಕಳಿಸಿದಳು. ಆಡದೇ ಗೆದ್ದ ಎರಡನೇ ಕಪ್ಪನ್ನು ಗಂಡ ತಂದಾಗ ಅದನ್ನು ನೋಡಲೂ ಇಲ್ಲ. "ಖರೇ ಆಡಿ ಗೆದ್ದಾಗ ನಂಗ ಖುಷಿ ಆಗಿತ್ತ್ರಿ. ಇಂಥ ಫುಕಟ್ ಕಪ್ ಮನಿಗಿ ತರಬ್ಯಾಡ್ರಿ" ಎಂದಷ್ಟೇ ಹೇಳಿದಳು.

೧೦. ಆದಕಾರಣ ಕಲ್ಲಿನಾಥ ಕಳೆದ ತಿಂಗಳು ತಾನೇ ನಾರಾಯಣಪುರಕ್ಕೆ ಹೋದನು. ಮಡೆಪ್ಪ ಎಮ್ಮೆಗೆ ನೀರು ಕುಡಿಸುತ್ತಿದ್ದ. ಚಹಾ ಕುಡಿಯುವವರೆಗೆ ಇಬ್ಬರೂ ಎಮ್ಮೆಯ ಬಗ್ಗೆಯೇ ಮಾತಾಡಿದರು. ಆಮೇಲೆ ಮಡೆಪ್ಪ, "ಸೋತಿದ್ದಕ್ಕ ಸಿಟ್ಟಿಲ್ರಿ ಮಾಮಾ. ಅಕ್ಕ ನನ್ನ ಬಿಟ್ಟು ನಿಮಗ ಕಲಿಸಿದಳಲ್ಲ, ಅದು ಕುಂತದ ಮನಸ್ಸಿನಾಗ" ಎಂದನು.

"ನಾಕೈದು ವರ್ಷ ನಿನ್ನ ಕಡೀನೇ ಕುಂತಿದ್ದಳಲ್ಲೋ. ನಾ ಏನರೆ ಅಂದೇನಾ?"

ಮಡೆಪ್ಪ ಖಾಲಿ ಲೋಟಗಳನ್ನು ಎತ್ತಿಟ್ಟನು. ಕಡೆಗೆ, "ಈಗ ನಮ್ಮ ಕಡೆ ಏಳೇ ಮಂದಿ ಆಗ್ತೀವ್ರಿ. ಒಂಬತ್ತು ಬೇಕು" ಎಂದನು.

"ನಾ ಬರ್ತೀನಿ."

"ನೀವು ಬಂದ್ರ ಸೋಲ್ತೀವಿ."

"ಸೋಲೂದು ನಂಗ ಬಿಟ್ರ ಯಾರಿಗಿ ಬರ್ತದ ಇಷ್ಟು ಛಲೋ?"

ಮಡೆಪ್ಪ ನಕ್ಕನು. ಒಂಬತ್ತನೆಯವರು ಯಾರೆಂದು ಅವನೂ ಕೇಳಲಿಲ್ಲ, ಕಲ್ಲಿನಾಥನೂ ಹೇಳಲಿಲ್ಲ. ಮರುದಿನವೇ ಮಡೆಪ್ಪ ಘಾಟಬೋರಾಳಕ್ಕೆ ಬಂದು ಅಕ್ಕನ ಮುಂದೆ ಬ್ಯಾಟ್ ಹಿಡಿದು ನಿಂತನು. ಮೊದಲ ಚೆಂಡೇ ಪಕ್ಕೆಗೆ ಬಡಿಯಿತು. "ಎರಡು ವರ್ಷ ಬರ್ಲಿಲ್ಲಲ್ಲ, ಅದಕ್ಕ" ಎಂದಳು ಸೋನಾಲಿ. ಅವನು ಪಕ್ಕೆ ಒತ್ತಿಕೊಂಡೇ ಎರಡು ತಾಟು ಊಟ ಮಾಡಿ ಹೋದನು.

೧೧. ಈ ವಿಚಾರ ಅರಿಕೆ ಮಾಡಿದಾಗ ಮಾನ್ಯರು ಚಹಾ ಅಂಗಡಿಯ ಮುಂದೆ, "ಚಾಂಪಿಯನ್ ಟೀಮಿನ ಕ್ಯಾಪ್ಟನ್ ಇಲ್ದಿರೋ ಟೀಮಿಗಿ ಹ್ಯಾಂಗ ಹೋಗ್ತಾನಪ್ಪ? ಬರದು ಕೊಡು, ನೋಡೂಣು" ಎಂದು ಅಪ್ಪಣೆ ಕೊಡಿಸಿದ್ದರಿಂದ ಈ ಅರ್ಜಿ. ನಿಯಮಾವಳಿಯನ್ನು ಪೂರ್ತಿ ಓದಿ ನೋಡಲಾಗಿ, ಆಟಗಾರರು ಗಂಡಸರೇ ಆಗಿರಬೇಕೆಂದು ಎಲ್ಲಿಯೂ ಬರೆದಿಲ್ಲವೆಂಬುದನ್ನೂ ತಮ್ಮ ಗಮನಕ್ಕೆ ತರಲಾಗಿದೆ.

ಆದ್ದರಿಂದ ಮಾನ್ಯರು ದಯಮಾಡಿ:

(ಅ) ಅರ್ಜಿದಾರನನ್ನು ಬಸವಕಲ್ಯಾಣ ತಂಡಕ್ಕೆ, ನಾಯಕತ್ವವಿಲ್ಲದೆ, ವರ್ಗಾಯಿಸಬೇಕಾಗಿಯೂ,

(ಆ) ಶ್ರೀಮತಿ ಸೋನಾಲಿ ಗಂಡ ಕಲ್ಲಿನಾಥ ಇವರನ್ನು ಅದೇ ತಂಡದ ಪಿಚರ್ ಎಂದು ನೋಂದಾಯಿಸಬೇಕಾಗಿಯೂ (ಮಡೆಪ್ಪನ ಒಪ್ಪಿಗೆ ಇರುತ್ತದೆ, ಪಕ್ಕೆ ಇನ್ನೂ ನೋಯುತ್ತಿದೆ),

(ಇ) ಅರ್ಜಿದಾರ ಹೊರಟರೆ ಹುಮನಾಬಾದ್ ತಂಡದಲ್ಲಿ ಎಂಟೇ ಜನ ಉಳಿಯುವುದರಿಂದ, ಬೇರಾರೂ ಸಿಗದ ಕಾರಣ, ಮಾನ್ಯರು ಸ್ವತಃ ಒಂಬತ್ತನೆಯವರಾಗಿ ಮೈದಾನಕ್ಕೆ ಇಳಿಯಬೇಕಾಗಿಯೂ

ಸವಿನಯ ಪ್ರಾರ್ಥನೆ.

ತಮ್ಮ ವಿಶ್ವಾಸಿ ಹಾಗೂ, ಮಂಜೂರಾದಲ್ಲಿ, ತಮ್ಮ ಎದುರಾಳಿ,
ಕಲ್ಲಿನಾಥ

ಲಗತ್ತುಗಳು:
೧. ಏಳು ಆಟಗಾರರ ಒಪ್ಪಿಗೆ ಪತ್ರ.
೨. ಆಡದೇ ಗೆದ್ದ ಕಪ್ಪುಗಳು, ಎರಡು (ವಾಪಸ್).
೩. ಮಾನ್ಯರ ಅಳತೆಯ ಅಂಗಿ, ಒಂದು. ಅಳತೆಯನ್ನು ಅಂದಾಜಿನ ಮೇಲೆ ಹಿಡಿದಿರುವುದರಿಂದ ಹೊಟ್ಟೆಯ ಬಳಿ ಬಿಗಿಯಾದಲ್ಲಿ ಪಂದ್ಯಕ್ಕೆ ಮುಂಚಿತವಾಗಿ ತಿಳಿಸುವುದು.